ರಸ್ತೆಗೆ ಕಾಣುವ ಹಸಿರು

ಯಜಮಾನರ ಲೆಕ್ಕದಲ್ಲಿ ಗದ್ದೆ ಎಂದರೆ ರಸ್ತೆಗೆ ಕಾಣುವಷ್ಟು ಭಾಗ. ಹಿಂದಿನದು ಹೊಟ್ಟೆಪಾಡಿಗೆ, ಮುಂದಿನದು ಮಾನಕ್ಕೆ. ಬೆಳಗಿನ ಬಸ್ಸು ಬರುವ ಹೊತ್ತಿಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬದುವಿನ ಮೇಲೆ ನಿಂತು, ಕಿಟಕಿಯೊಳಗಿನ ತಲೆಗಳು ಯಾವ ಕಡೆ ತಿರುಗುತ್ತವೆ ಎಂದು ನೋಡುತ್ತಿದ್ದರು. ರಸ್ತೆಯ ಆಚೆಗಿನ ಗದ್ದೆ ಅವರ ಬೀಗರದು, ಮಗಳ ಮಾವನದು. ತಲೆಗಳು ಆ ಕಡೆ ತಿರುಗಿದವೋ, ಯಜಮಾನರು ಇನ್ನೊಂದು ಮೂಟೆ ಯೂರಿಯಾ ಚೆಲ್ಲುತ್ತಿದ್ದರು. ಮರುವಾರ ಬೀಗರು ಎರಡು. ಹೀಗೆ ಇಪ್ಪತ್ತು ವರ್ಷದಲ್ಲಿ ಎರಡೂ ಗದ್ದೆಗಳು ಹಸಿರನ್ನು ದಾಟಿ ಕಪ್ಪಿನ ಕಡೆ ಸಾಗಿದ್ದವು. ಇಳುವರಿ ಮಾತ್ರ ಇದ್ದಲ್ಲೇ ಇತ್ತು. ಅದೇನು ಬಸ್ಸಿನಿಂದ ಕಾಣುತ್ತದೆಯೇ?

ಈ ಸಲ ಬೇಸಾಯ ತಾನು ನೋಡಿಕೊಳ್ಳುವುದಾಗಿ ಸೊಸೆ ಹೇಳಿದಳು. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುವ ಲಾರಿ ಡ್ರೈವರ್ ಮಗ ಹೂಂ ಅಂದ. ಯಜಮಾನರು ಷರತ್ತು ಹಾಕಿದರು: ಒಂದೇ ಬೆಳೆ. ಕಾಳು ಕಮ್ಮಿಯಾದರೆ ಗೊಬ್ಬರದ ಕೋಣೆಯ ಕೀಲಿ ವಾಪಸ್, ಆಮೇಲೆ ಬೇಸಾಯದ ಮಾತೆತ್ತಬಾರದು. ಸೊಸೆ ಕೀಲಿ ಇಸಿದುಕೊಂಡಳು. ಅಂಥದ್ದೇ ಇನ್ನೊಂದು ಕೀಲಿ ತಮ್ಮ ಬನಿಯನ್ನಿನ ಜೇಬಿನಲ್ಲಿರುವ ವಿಷಯವನ್ನು ಅವರು ಎತ್ತಲಿಲ್ಲ.

ಅವಳ ಹತ್ತಿರ ಕೃಷಿ ಕಚೇರಿಯವರು ಕೊಟ್ಟ ಗೇಣುದ್ದದ ಪ್ಲಾಸ್ಟಿಕ್ ಪಟ್ಟಿಯಿತ್ತು, ಅದರ ಮೇಲೆ ನಾಲ್ಕು ಬಗೆಯ ಹಸಿರು. ಭತ್ತದ ಎಲೆಯನ್ನು ಅದರ ಮೇಲಿಟ್ಟು ನೋಡುವುದು. ಬಣ್ಣ ತೆಳುವಾಗಿದ್ದರೆ ಮಾತ್ರ ಗೊಬ್ಬರ, ಅದೂ ಚೂರುಚೂರೇ. ದರ್ಜಿ ಬಟ್ಟೆಗೆ ದಾರ ಹೊಂದಿಸಿದ ಹಾಗಿದೆ ಎಂದು ಯಜಮಾನರು ಕುಟುಕಿದರು. ಪೈರು ತಿನ್ನದೆ ಬಿಟ್ಟದ್ದು ಒಂದಿಷ್ಟು ಬಾವಿ ನೀರಿಗೆ, ಒಂದಿಷ್ಟು ಅನಿಲವಾಗಿ ಗಾಳಿಗೆ ಹೋಗುತ್ತದೆ ಎಂದು ಅವಳು ವಿವರಿಸಿದಳು.

"ಬಂದವರಿಗೆಲ್ಲ ಬಡಿಸಿದ ಮನೆ ಕಣಮ್ಮ ಇದು. ಗಾಳಿಗೂ ನಾಲ್ಕು ತುತ್ತು ಹೋದ್ರೆ ಏನಾಯ್ತು?"

"ಗಾಳಿ ಉಂಡು ಸುಮ್ನೆ ಹೋಗಲ್ಲ ಮಾವ. ಭೂಮೀನೇ ಕಾಯಿಸುತ್ತೆ."

ಪೈರು ಮೊಣಕಾಲುದ್ದ ಬಂದಾಗ ಬಸ್ಸಿನ ತಲೆಗಳೆಲ್ಲ ಬೀಗರ ಕಡೆ ವಾಲಿದವು. ಸಾಲದ್ದಕ್ಕೆ ಬೀಗರೇ ರಸ್ತೆ ದಾಟಿ ಬಂದು, ಗದ್ದೆಗೆ ಮೈ ಹುಷಾರಿಲ್ಲವೇ ಎಂದು ಕಾಳಜಿಯಿಂದ ವಿಚಾರಿಸಿದರು. ಮರುದಿನ ಮಧ್ಯಾಹ್ನ ಸೊಸೆ ಕೃಷಿ ಕಚೇರಿಯ ಸಭೆಗೆ ಹೋದದ್ದೇ ತಡ, ಯಜಮಾನರ ಬನಿಯನ್ನಿನ ಕೀಲಿ ಹೊರಬಂತು. ರಸ್ತೆಯಂಚಿನ ಹತ್ತು ಹೆಜ್ಜೆ ಅಗಲದ ಜಾಗಕ್ಕೆ ಎರಡು ಮೂಟೆ ಸುರಿದರು. ಹಿಂದಿನ ಗದ್ದೆಯನ್ನು ಮುಟ್ಟಲಿಲ್ಲ. ಅದನ್ನು ನೋಡುವವರಾದರೂ ಯಾರು?

ವಾರ ಕಳೆಯುವುದರೊಳಗೆ ತಲೆಗಳು ವಾಪಸ್ ಬಂದವು. ಸೊಸೆ ಅಂಚಿನ ಎಲೆಯೊಂದನ್ನು ಪಟ್ಟಿಯ ಮೇಲಿಟ್ಟಳು. ನಾಲ್ಕೂ ಹಸಿರನ್ನು ಮೀರಿದ ಬಣ್ಣ. ಅವಳು ಮಾವನನ್ನು ನೋಡಿದಳು, ಮಾವ ಮೋಡ ನೋಡಿದರು.

ತೆನೆ ತುಂಬಿದ ಮೇಲೆ ಒಂದು ಸಂಜೆ ಗಾಳಿಮಳೆ ಬಡಿಯಿತು. ಬೆಳಗ್ಗೆ ನೋಡಿದರೆ ರಸ್ತೆಯಂಚಿನ ಪೈರು ಚಾಪೆ ಹಾಸಿದ ಹಾಗೆ ಮಲಗಿತ್ತು. ಅದರ ಹಿಂದೆ, ಸೊಸೆಯ ತೆಳು ಹಸಿರು ಏನೂ ಆಗಿಲ್ಲವೆಂಬಂತೆ ನೆಟ್ಟಗೆ ನಿಂತಿತ್ತು. ಬೀಗರ ಗದ್ದೆ ಪೂರ್ತಿ ನೆಲ ಕಚ್ಚಿತ್ತು.

ನಷ್ಟ ನೋಡಲು ಬಂದ ಕೃಷಿ ಅಧಿಕಾರಿಯ ಎದುರು ಬೀಗರು ಬಾಯಿಬಿಟ್ಟರು. "ನಂದು ಗಾಳಿಗೆ ಬಿತ್ತು ಸ್ವಾಮಿ. ಇವರದು ಸೊಸೆ ಕೈಗೆ ಕೊಟ್ಟಿದ್ದಕ್ಕೆ ಬಿತ್ತು."

ಎಲ್ಲರೂ ಸೊಸೆಯ ಕಡೆ ತಿರುಗಿದರು. ಅವಳು ಕೀಲಿ ತೆಗೆದು ಅಂಗೈಯಲ್ಲಿ ಹಿಡಿದು ಮಾವನ ಮುಖವನ್ನೇ ನೋಡುತ್ತ ನಿಂತಳು. ಯಜಮಾನರು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಕೀಲಿಯೂ ಬರುತ್ತಿತ್ತು, ಮಾನವೂ ಉಳಿಯುತ್ತಿತ್ತು. ಆದರೆ ಆ ನಿಂತ ಪೈರು ಬೆನ್ನ ಹಿಂದೆ ನಿಂತೇ ಇತ್ತಲ್ಲ.

"ಈ ಅಂಚಿಗೆ ಅವಳು ಕೈ ಹಚ್ಚಿಲ್ಲ," ಎಂದರು. "ಎರಡು ಮೂಟೆ ನಾನೇ ಹಾಕಿದ್ದು." ನಿಜ ಜಾರಿಬಿಟ್ಟಿತ್ತು. ಗಡಿಬಿಡಿಯಲ್ಲಿ ಅದಕ್ಕೊಂದು ಅಂಗಿ ತೊಡಿಸಿದರು: "ಜಾಸ್ತಿ ಹಾಕಿದ್ರೆ ಏನಾಗುತ್ತೆ ಅಂತ ಜನಕ್ಕೆ ತೋರಿಸೋಣ ಅಂತ. ಪ್ರಯೋಗ."

ಅಧಿಕಾರಿಗೆ ಹಿಡಿಸಲಾರದಷ್ಟು ಖುಷಿಯಾಯಿತು. ಮೂರೇ ದಿನಕ್ಕೆ ಬೋರ್ಡು ಬಂತು: ಮೇಲೆ ಯಜಮಾನರ ಹೆಸರು, ಕೆಳಗೆ 'ಅತಿಯಾದ ಯೂರಿಯಾದ ಪರಿಣಾಮ', ಮಲಗಿದ ಪೈರಿನತ್ತ ಒಂದು ಬಾಣ. ಬಸ್ಸಿನವನು ಈಗ ಅಲ್ಲಿ ನಿಧಾನ ಮಾಡುತ್ತಾನೆ. ಒಂದೂ ತಲೆ ಬೀಗರ ಕಡೆ ತಿರುಗುವುದಿಲ್ಲ. ಯಜಮಾನರೇ ಬದುವಿಗೆ ಹೋಗುವುದನ್ನು ಬಿಟ್ಟಿದ್ದಾರೆ.

ಅಂಚು ಹೋದರೂ ಕಾಳು ಹೋದ ವರ್ಷಕ್ಕಿಂತ ಒಂದು ಸೇರೂ ಕಮ್ಮಿಯಾಗಲಿಲ್ಲ. ಯೂರಿಯಾ ಮೂಟೆಗಳು ಅರ್ಧಕ್ಕರ್ಧ ಕೋಣೆಯಲ್ಲೇ ಉಳಿದಿದ್ದವು. ತೂಕ ಮುಗಿದ ಸಂಜೆ ಸೊಸೆ ಬಂದು ಕೈ ಚಾಚಿದಳು.

"ಆ ಇನ್ನೊಂದು ಕೀಲಿ ಕೊಡಿ ಮಾವ."

"ಯಾವುದಮ್ಮಾ?"

"ಪ್ರಯೋಗದ್ದು."

ಯಜಮಾನರು ಬನಿಯನ್ನಿನ ಜೇಬಿಗೆ ಕೈ ಹಾಕಿದರು.