ಆರಾಮಾದ ಮೇಲೂ ಔಷಧ

೧೯೫೬ರ ಮಾತು. ನಾಗಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಗೌರಮ್ಮನಿಗೆ ಕೆಮ್ಮು ಹತ್ತಿ ತಿಂಗಳಾಗಿತ್ತು. ಸಂಜೆಯಾದರೆ ಮೈ ಕಾಯುತ್ತಿತ್ತು. ಅತ್ತೆ ಕಾಶಿಬಾಯಿ ಇದು ಹವಾ ಬದಲಾದದ್ದಕ್ಕೆ ಎಂದು ಶುಂಠಿ ಕಷಾಯ ಮಾಡಿಕೊಟ್ಟಳು. ಕಫದಲ್ಲಿ ರಕ್ತ ಕಂಡ ದಿನ ಆಕೆಗೂ ಹೆದರಿಕೆಯಾಯಿತು.

ಗಂಡ ಯಲ್ಲಪ್ಪ ಗೌರಮ್ಮನನ್ನು ಎದೆರೋಗದ ಡಾಕ್ಟರ್ ವೇಣುಗೋಪಾಲರ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಬಳ್ಳಾರಿ ಕಡೆಯವರು. ಕಫ ಪರೀಕ್ಷೆ, ಎಕ್ಸ್‌ರೇ ಮಾಡಿಸಿ, ಇದು ಕ್ಷಯ ಎಂದು ಕನ್ನಡದಲ್ಲೇ ಮೆಲ್ಲಗೆ ಹೇಳಿದರು. ಒಂದೂವರೆ ವರ್ಷ ಸೂಜಿ, ಗುಳಿಗೆ ತಪ್ಪಿಸಬಾರದು, ಎರಡು ವರ್ಷದ ಮಗಳು ಜಯಾ ಸದ್ಯ ಅಜ್ಜಿಯ ಹತ್ತಿರವೇ ಮಲಗಲಿ ಎಂದರು.

ಮೂರು ತಿಂಗಳಿಗೆ ಜ್ವರ ಬಿಟ್ಟಿತು, ಕೆಮ್ಮು ನಿಂತಿತು. ಗೌರಮ್ಮ ಮಗಳನ್ನು ಮತ್ತೆ ಮಗ್ಗುಲಲ್ಲಿ ಮಲಗಿಸಿಕೊಂಡಳು, ಆಸ್ಪತ್ರೆಗೆ ಹೋಗುವುದನ್ನು ಬಿಟ್ಟಳು. ಕಾಶಿಬಾಯಿಗೂ ಅದೇ ಬೇಕಿತ್ತು. ಸೊಸೆ ಅಲ್ಲಿಗೆ ಹೋಗುವುದನ್ನು ನಾಲ್ಕು ಮಂದಿ ನೋಡಬಾರದೆಂಬುದು ಆಕೆಯ ಚಿಂತೆ.

ಎರಡು ವಾರ ಕಾದು ಡಾಕ್ಟರೇ ಸೈಕಲ್ ಮೇಲೆ ಮನೆ ಹುಡುಕಿಕೊಂಡು ಬಂದರು. ಕಾಶಿಬಾಯಿ ಬಾಗಿಲಲ್ಲೇ ತಡೆದಳು.

"ಈಗ ಚಲೋ ಅದಾಳ್ರಿ. ಸುಮ್ನ ಸೂಜಿ ಯಾಕ ಚುಚ್ಚಬೇಕು?"

ಡಾಕ್ಟರು ವಾದ ಮಾಡಲಿಲ್ಲ. ಕಟ್ಟೆಯ ಮೇಲೆ ಕುಳಿತು, ಅಂಗಿ ಸರಿಸಿ ಬೆನ್ನು ತೋರಿಸಿದರು. ಬಲಗಡೆ ಬೆನ್ನು ಒಳಕ್ಕೆ ಕುಸಿದಿತ್ತು. ಉದ್ದನೆಯ ಹೊಲಿಗೆಯ ಗುರುತಿತ್ತು.

"ಡಾಕ್ಟರಕಿ ಓದೋವಾಗ ನನಗೂ ಇದೇ ಬ್ಯಾನಿ ಬಂದಿತ್ತು ತಾಯಿ. ಆಗ ಈ ಔಷಧ ಇದ್ದಿಲ್ಲ, ಬರೇ ವಿಶ್ರಾಂತಿ. ಆರು ತಿಂಗಳಿಗೆ ಆರಾಮ ಅನಿಸ್ತು, ಆಸ್ಪತ್ರೆ ಬಿಟ್ಟು ಮನೀಗೆ ಬಂದೆ. ರೋಗ ತಿರುಗಿ ಬಂತು, ಏಳು ಪಕ್ಕೆಲುಬು ತೆಗೆದ್ರು." ಅಂಗಿ ಕೆಳಗಿಳಿಸಿಕೊಂಡರು. "ಮನ್ಯಾಗಿದ್ದಾಗ ನನ್ನಿಂದ ತಂಗಿಗೂ ಹತ್ತಿತು. ಅಕಿ ಉಳೀಲಿಲ್ಲ."

ಕಾಶಿಬಾಯಿ ಒಳಗೆ ಆಡುತ್ತಿದ್ದ ಮೊಮ್ಮಗಳ ಕಡೆ ನೋಡಿದಳು. ಡಾಕ್ಟರಿಗೆ ಚಹಾ ಮಾಡಿ ತಂದಳು.

ಮರುದಿನ ಬೆಳಿಗ್ಗೆ ಮೊಮ್ಮಗಳನ್ನು ಎತ್ತಿಕೊಂಡು, ಸೊಸೆಯ ಕೈ ಹಿಡಿದು ತಾನೇ ಆಸ್ಪತ್ರೆಗೆ ಹೊರಟಳು. ನಳದ ಹತ್ತಿರ ನೆರೆಮನೆಯ ಗಂಗೂಬಾಯಿ ಎಲ್ಲಿಗೆಂದು ಕೇಳಿದಳು.

"ಸೊಸಿಗೆ ಕ್ಷಯ ಐತಿ. ಸೂಜಿ ಹಾಕಿಸಾಕ ಹೊಂಟೀವಿ."

ಜಯಾಳಿಗೆ ಪರೀಕ್ಷೆ ಮಾಡಿಸಿದಾಗ ರೋಗ ತಗುಲಿರಲಿಲ್ಲ. ಆ ರಾತ್ರಿಯಿಂದ ಅವಳು ಮತ್ತೆ ಅಜ್ಜಿಯ ಹತ್ತಿರವೇ ಮಲಗಿದಳು. ಅಲ್ಲಿಂದ ಒಂದು ದಿನವೂ ಔಷಧ ತಪ್ಪಲಿಲ್ಲ. ಮಳೆ ಇದ್ದರೂ, ನಾಗಪುರದ ಉರಿಬಿಸಿಲಿದ್ದರೂ ಕಾಶಿಬಾಯಿ ಜೊತೆಗಿರುತ್ತಿದ್ದಳು. ಕೊನೆಯ ಪರೀಕ್ಷೆಯಲ್ಲಿ ಕಫದಲ್ಲಿ ರೋಗಾಣು ಕಾಣಲಿಲ್ಲ. ಡಾಕ್ಟರು ಜಯಾಳನ್ನು ಎತ್ತಿ ಗೌರಮ್ಮನ ಮಡಿಲಿಗೆ ಕೊಟ್ಟು, ಇನ್ನು ಔಷಧ ಸಾಕವ್ವ ಎಂದರು. ಗೌರಮ್ಮ ಮಗಳ ನೆತ್ತಿಗೆ ಕೆನ್ನೆಯಿಟ್ಟು ಎಷ್ಟೋ ಹೊತ್ತು ಕುಳಿತಿದ್ದಳು.

ಅಕ್ಕಂದಿರೇ, ಅಣ್ಣಂದಿರೇ, ಎರಡು ವಾರ ದಾಟಿದ ಕೆಮ್ಮನ್ನು ಮುಚ್ಚಿಡಬೇಡಿ, ಕಫ ಪರೀಕ್ಷೆ ಮಾಡಿಸಿ. ಡಾಕ್ಟರು ಸಾಕೆನ್ನುವ ತನಕ ಔಷಧ ಬಿಡಬೇಡಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಕ್ಷಯವಿದ್ದರೆ ಅವರನ್ನು ಒಂಟಿಯಾಗಿ ಕಳಿಸಬೇಡಿ, ನೀವೂ ಜೊತೆಗೆ ಹೋಗಿ.