ಫೋನೆತ್ತುವ ದರ್ಜಿಯಕ್ಕ

ದರ್ಜಿಯಕ್ಕನಿಗೆ ಸಭೆ ಎಂದರೆ ಆಗದು. ಆದರೂ ಹೊಲಿಗೆ ಮೆಷಿನ್ ರಿಪೇರಿ ಅಂಗಡಿಯ ಮೆಕ್ಯಾನಿಕ್ ಮನೆಬಾಗಿಲಿಗೇ ಬಂದು, "ಅಕ್ಕಾ, ನೀವು ಬರ್ಲೇಬೇಕು. ಗಿರಾಕಿಗಳೂ ನಾವೂ ಸೇರಿ ಹೊಸ ಸೇವೆ ಹುಟ್ಟುಹಾಕ್ಬೇಕಂತೆ" ಎಂದು ಕರೆದಾಗ ಇಲ್ಲವೆನ್ನಲಾಗಲಿಲ್ಲ. ಇಪ್ಪತ್ತು ವರ್ಷದಿಂದ ಅವಳ ಮೆಷಿನ್ನಿನ ನಾಡಿ ಹಿಡಿದವನು ಅವನೇ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಬಿಚ್ಚಿಟ್ಟ ಮೆಷಿನ್‌ಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಸಣ್ಣ ಉದ್ಯಮಗಳ ಸಂಘ ಕಳಿಸಿದ ಸಲಹೆಗಾರ ಎಲ್ಲರಿಗೂ ಹಳದಿ ಚೀಟಿ ಹಂಚಿ, "ನಿಮ್ಮ ಕನಸಿನ ಸೇವೆ ಬರೀರಿ" ಎಂದ. ಅಕ್ಕ ಬರೆದಳು: "ಫೋನ್ ಎತ್ತಿ."

ಸಲಹೆಗಾರ ಅದನ್ನು ಮೂರು ಸಲ ಓದಿದ. "ಇದರ ಹಿಂದಿರೋ ಆಳವಾದ ಅಗತ್ಯ ಏನು, ಮೇಡಂ?"

"ಫೋನ್ ಮಾಡಿದ್ರೆ ಯಾರೂ ಎತ್ತಲ್ಲ. ಅಷ್ಟೇ ಆಳ."

"ಕೈಯೆಲ್ಲ ಎಣ್ಣೆ ಇರತ್ತೆ ಅಕ್ಕಾ" ಎಂದು ಮೆಕ್ಯಾನಿಕ್ ಗೊಣಗಿದ.

ನಾಲ್ಕು ಸಭೆ ಕಳೆದವು. ಬೆಟ್ಟ ಅಗೆದು ಇಲಿ ಹಿಡಿದಂತೆ ಹನ್ನೊಂದು ಗುಂಡಿಗಳ ಒಂದು ಆ್ಯಪ್ ಹುಟ್ಟಿತು. ಅದರಲ್ಲಿ ಮೆಷಿನ್ನಿನ ಫೋಟೊ ಹಾಕಬಹುದು, ಮೆಕ್ಯಾನಿಕ್ಕನಿಗೆ ನಕ್ಷತ್ರ ಕೊಡಬಹುದು. ಮಾತಾಡಲು ಮಾತ್ರ ಆಗದು. ಐದನೆಯ ಸಭೆಯಲ್ಲಿ ಅದರ ಗುಣಗಾನ ನಡೆದಿರುವಾಗ ಹೊರಗೆ ಅಂಗಡಿಯ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ತಡೆಯಲಾರದೆ ಅಕ್ಕನೇ ಎದ್ದು ಹೋಗಿ ಎತ್ತಿದಳು. ಯಾರದೋ ಮೆಷಿನ್ ಹೊಲಿಗೆ ತಪ್ಪಿಸುತ್ತಿತ್ತು.

"ಸೂಜಿ ಹಿಂದುಮುಂದಾಗಿದೆ ನೋಡಮ್ಮ, ತೆಗ್ದು ತಿರುಗ್ಸಿ ಹಾಕಿ... ಹೊಲೀತಾ? ಸರಿ, ಇಡ್ತೀನಿ."

ಸಲಹೆಗಾರ ಎದ್ದುನಿಂತು ಚಪ್ಪಾಳೆ ತಟ್ಟಿದ. ಅಂದಿನಿಂದ ಬೆಳಗ್ಗೆ ಎರಡು ತಾಸು ಅಕ್ಕನನ್ನು ಸಂಬಳಕ್ಕೆ ಫೋನಿನ ಪಕ್ಕ ಕೂರಿಸಿದರು. ಸಂಘದ ವರದಿಯಲ್ಲಿ ಅವಳು "ಬಳಕೆದಾರರೊಡನೆ ರೂಪಿಸಿದ ನವೀನ ಸೇವೆ" ಆದಳು. ಹೆಸರೇನೇ ಇರಲಿ, ತನ್ನ ಮಾತಿಗೂ ಜನ ಕಿವಿಗೊಡುತ್ತಾರಲ್ಲ ಎಂದು ಅವಳಿಗೆ ಒಳಗೊಳಗೇ ಹಿಗ್ಗು.

ತಿಂಗಳಾಗುವಷ್ಟರಲ್ಲಿ ಮೆಕ್ಯಾನಿಕ್ಕನ ಮುಖ ಸಪ್ಪಗಾಯಿತು. ಹತ್ತರಲ್ಲಿ ಎಂಟು ಮೆಷಿನ್ ಫೋನಿನಲ್ಲೇ ರಿಪೇರಿಯಾಗಿಬಿಡುತ್ತಿದ್ದವು. ನೊಣ ಹೊಡೆಯುತ್ತ ಕೂತಿದ್ದವನು ಒಂದು ದಿನ ತಲೆ ಕೆರೆಯುತ್ತ ಬಂದ.

"ಅಕ್ಕಾ, ತಪ್ಪು ತಿಳೀಬೇಡಿ. ಸ್ವಲ್ಪ ಕಡಿಮೆ ಹೇಳಿದ್ರೆ ಆಗಲ್ವಾ?"

"ಗೊತ್ತಿರೋದನ್ನ ಗೊತ್ತಿಲ್ಲ ಅನ್ನಕ್ಕೆ ನಂಗೆ ಬರಲ್ಲಪ್ಪ. ಬೇಕಾದ್ರೆ ಬಿಟ್ಬಿಡ್ತೀನಿ."

"ಅಯ್ಯೋ, ಬಿಡಂಗಿಲ್ಲ! ನಾಳೆ ನಿಮ್ಮನ್ನ ನೋಡಕ್ಕೆ ಸಂಘದ ಬೇರೆ ಅಂಗಡಿಯೋರು ಬರ್ತಿದಾರೆ."

ಬಂದರು. ಸಲಹೆಗಾರ ವಿವರಿಸಿದ್ದನ್ನೆಲ್ಲ ಬರೆದುಕೊಂಡರು. ಹೊರಡುವಾಗ ನೀರಿನ ಪಂಪ್ ರಿಪೇರಿಯವನೊಬ್ಬ ಹಿಂದೆ ಉಳಿದು ಮೆಲ್ಲಗೆ ಕೇಳಿದ, "ಅಕ್ಕಾ, ಪಂಪಿನ ಬಗ್ಗೆ ಏನಾದ್ರೂ ಗೊತ್ತಾ?"

"ಒಂದಕ್ಷರಾನೂ ಗೊತ್ತಿಲ್ಲ."

"ಹಾಗಾದ್ರೆ ನಮ್ಮಲ್ಲಿಗೆ ಬನ್ನಿ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಮನೆಯಲ್ಲಿ ಹೊಲಿಯಲು ಬಿದ್ದಿರುವ ಬಟ್ಟೆಯ ರಾಶಿ ನೆನಪಾಗಿ, ಚೀಲ ಹೆಗಲಿಗೇರಿಸಿ ಹೊರಟಳು.