ಆಡಬಾರದ ಮಾತು

"ಬಾಯರ, ಕೈ ಮುಗೀತೀನಿ, ಇವತ್ತ ನನ್ನ ಸಂಗಾಟ ಬರ್ರಿ," ಎಂದು ಸೋಮವ್ವ ಕಾಲೇಜಿನ ಗೇಟಿನಲ್ಲೇ ಸೇವಂತಿಯ ಕೈ ಹಿಡಿದುಕೊಂಡಳು. "ಸೊಸೀಗಿ ಪರೇಲ ದವಾಖಾನ್ಯಾಗ ಹಾಕೀವಿ. ಅಕಿ ಹೇಳೋದು ಅಲ್ಲಿ ಯಾರಿಗೂ ತಿಳೀವಲ್ದು."

ಉಡುಪಿ ಕಡೆಯ ಸೇವಂತಿ ವಿಲೆ ಪಾರ್ಲೆಯ ಆ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದಳು. ಗುಲ್ಬರ್ಗಾ ಸೀಮೆಯಿಂದ ಧಾರಾವಿಗೆ ಬಂದು ನೆಲೆಸಿದ ಹೆಂಗಸರ ಹಾಡು, ಮಾತುಗಳ ಮೇಲೆ ಸಂಶೋಧನೆ ನಡೆಸುತ್ತ, ರಸ್ತೆ ಕೆಲಸದ ಸೋಮವ್ವನ ಗುಡಿಸಲಿನಲ್ಲಿ ಎಷ್ಟೋ ಭಾನುವಾರಗಳನ್ನು ಕಳೆದಿದ್ದಳು. ಅದರಿಂದ ಹುಟ್ಟಿದ ಪ್ರಬಂಧವನ್ನು ಇವತ್ತೇ ಫೋರ್ಟಿನ ವಿಚಾರಸಂಕಿರಣದಲ್ಲಿ ಓದಬೇಕಿತ್ತು. ಅದಕ್ಕೆಂದೇ ಗಂಜಿ ಹಾಕಿದ ಸೀರೆ ಉಟ್ಟು ಹೊರಟಿದ್ದಳು.

"ಸಂಜೆ ಬಂದರೆ ಆಗಲ್ಲವಾ?"

ಸೋಮವ್ವ ಹಿಡಿದ ಕೈಯನ್ನು ಬಿಡಲಿಲ್ಲ. ಲೋಕಲ್ ರೈಲಿನಲ್ಲಿ ಕೂತ ಮೇಲೂ ಸೇವಂತಿ, ಬೇಗ ನೋಡಿಕೊಂಡು ಹೊರಟರೆ ಫೋರ್ಟಿಗೆ ಸಮಯಕ್ಕೆ ಸೇರಬಹುದು ಅಂದುಕೊಳ್ಳುತ್ತಿದ್ದಳು.

ವಾರ್ಡಿನಲ್ಲಿ ನೆಲದ ಮೇಲೂ ಹಾಸಿಗೆಗಳಿದ್ದವು. ಚೊಚ್ಚಿಲ ಬಸುರಿ ಇಂದ್ರಾಬಾಯಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಔಷಧದ ತಟ್ಟೆ ಹಿಡಿದು ಓಡಾಡುತ್ತಿದ್ದ ನರ್ಸ್ ಅಕ್ಕು ಕನ್ನಡ ಕೇಳಿ ನಿಂತಳು.

"ನಿಮ್ಮವರಾ? ಎಂತ ಕೇಳಿದ್ರೂ ಒಂದೇ ಮಾತು ಮಾರಾಯ್ರೆ. ಕೂಸು ಮಲಗಿದೆ ಅಂತ. ಮಲಗಲಿ ಬಿಡಿ, ನೋವು ಬಂದ ಮೇಲೆ ನೋಡುವ."

ಸೇವಂತಿ ಮಂಚದ ಅಂಚಿಗೆ ಕೂತಳು. "ಇಂದ್ರಾ, ಏನಾಗ್ತಿದೆ? ಹೇಳಮ್ಮ."

"ಕೂಸು ಮಲಗೇದ್ರಿ," ಎಂದಳು ಹುಡುಗಿ. ಕಣ್ಣೀರು ಇಳಿದು ಕಿವಿಯ ಓಲೆಯವರೆಗೆ ಹೋಯಿತು.

ಸೇವಂತಿಗೆ ಆ ಮಾತಿನ ಒಳಗುಟ್ಟು ಹೊಳೆಯಿತು. ದೀಪ ಆರಿದರೆ ದೊಡ್ಡದಾಯಿತು ಅನ್ನುವ, ಬಳೆ ಒಡೆದರೆ ಹೆಚ್ಚಾಯಿತು ಅನ್ನುವ ಹೆಂಗಸರು ಇವರು. ತುಂಬಿದ ಹೊಟ್ಟೆಯ ಎದುರು ಕೆಟ್ಟ ಮಾತು ಬಾಯಿಂದ ಬೀಳಬಾರದು. ಹೆದರಿಕೆಯನ್ನು ಒಳ್ಳೆಯ ಮಾತಿನೊಳಗೆ ಸುತ್ತಿಯೇ ಹೇಳಬೇಕು. ಅವಳ ಚೀಲದಲ್ಲಿದ್ದ ಪ್ರಬಂಧದ ತಿರುಳೇ ಅದು.

"ಯಾವಾಗಿಂದ ಮಲಗೇದವ್ವ?" ತನಗೇ ತಿಳಿಯದಂತೆ ಅವಳ ಬಾಯಲ್ಲಿ ಸೋಮವ್ವನ ಮಾತಿನ ಧಾಟಿ ಬಂದಿತ್ತು.

ಇಂದ್ರಾಬಾಯಿ ತಟ್ಟನೆ ಇತ್ತ ಹೊರಳಿದಳು. "ನಿನ್ನಿ ಮುಂಜಾನಿಂದ್ರಿ. ಒಮ್ಮೀನೂ ಹೊರಳಿಲ್ಲ."

ಸೇವಂತಿ ಎದ್ದು ಅಕ್ಕುವಿನ ತೋಳು ಹಿಡಿದಳು. "ಅವಳು ಹೇಳ್ತಿರೋದು ನಿದ್ದೆ ಅಲ್ಲ ಸಿಸ್ಟರ್. ಕೂಸು ನಿನ್ನೆಯಿಂದ ಅಲ್ಲಾಡಿಲ್ಲ."

"ಅಯ್ಯೋ ದೇವರೇ! ನಾನು ಕನ್ನಡದವಳಾಗಿಯೂ..." ಅಕ್ಕು ತಟ್ಟೆಯನ್ನು ಅಲ್ಲೇ ಇಟ್ಟು ಓಡಿದಳು.

ಓಡಿಬಂದ ಡಾಕ್ಟರ್ ಚಿಕ್ಕ ವಯಸ್ಸಿನ ಮರಾಠಿ ಹೆಂಗಸು. ಹೊಟ್ಟೆಯ ಮೇಲೆ ಕೊಳವೆ ಇಟ್ಟು ಕಿವಿಗೊಟ್ಟಳು. ಅಕ್ಕಪಕ್ಕದ ಹೆಂಗಸರು ಎದ್ದು ಕೂತರು. "ಆಹೇ," ಎಂದಳು ಕೊನೆಗೆ, ಉಸಿರು ಬಿಟ್ಟು. "ಪಣ್ ಫಾರ್ ಹಳೂ." ಎದೆಬಡಿತ ಇದೆ, ಆದರೆ ಬಹಳ ನಿಧಾನ. ಸ್ಟ್ರೆಚರ್ ಬಂತು. ಇಂದ್ರಾಬಾಯಿ ಹಿಡಿದ ಸೆರಗನ್ನು ಬಿಡಿಸಿಕೊಳ್ಳದೆ ಸೇವಂತಿ ಆಪರೇಷನ್ ಥಿಯೇಟರಿನ ಬಾಗಿಲವರೆಗೂ ನಡೆದಳು.

ಹೊರಗೆ ಬೆಂಚಿನ ಮೇಲೆ ಇಬ್ಬರೂ ಕೂತರು. ಬಹಳ ಹೊತ್ತಿನ ಮೇಲೆ ಸೋಮವ್ವ ಅವಳ ಸೀರೆಯನ್ನು ನೋಡಿದಳು.

"ಎಲ್ಲಿಗೋ ಹೊಂಟಿದ್ರಿ, ಬಾಯರ."

"ಹೌದು. ಅದು ಮುಗಿದಿರುತ್ತದೆ ಈಗ."

ಒಳಗಿನಿಂದ ಕೂಸಿನ ಅಳು ಕೇಳಿಸಿತು. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಕ್ಷೇಮ ಎಂದು ಅಕ್ಕು ಬಂದು ಹೇಳಿದಳು. ಸೋಮವ್ವ ಗೋಡೆಗೆ ಹಣೆ ಆನಿಸಿ ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಸೇವಂತಿಯ ಮಾರ್ಗದರ್ಶಕರು, "ಅಷ್ಟು ಜನ ವಿದ್ವಾಂಸರು ಕಾದರಮ್ಮ. ಇಂಥ ಅವಕಾಶ ಮತ್ತೆ ಸಿಗುತ್ತದೆಯೋ ಇಲ್ಲವೋ," ಎಂದು ನೊಂದುಕೊಂಡರು. ಅವಳು ತಲೆ ತಗ್ಗಿಸಿ ಕೇಳಿದಳು. ಅವಳಿಗೂ ಬೇಸರವಾಗದೆ ಇರಲಿಲ್ಲ.

ಆದರೆ ಬಾಣಂತಿಯನ್ನು ನೋಡಲು ಹೋದ ದಿನ ಅಕ್ಕು ಮೆಟ್ಟಿಲಲ್ಲೇ ತಡೆದಳು. "ಅವತ್ತು ನೀವು ಓದದೆ ಬಿಟ್ಟ ಪೇಪರಿನ ವಿಷಯ ಸೋಮವ್ವ ಹೇಳಿದ್ರು. ಅದನ್ನು ನಮಗೊಮ್ಮೆ ಓದಿ ಹೇಳ್ತೀರಾ? ಡಾಕ್ಟರೂ ಬರ್ತಾರಂತೆ."

ಹಾಗೆ ಒಂದು ಶನಿವಾರ, ನರ್ಸುಗಳು ಚಹಾ ಕುಡಿಯುವ ಕೋಣೆಯಲ್ಲಿ ಸೇವಂತಿ ಮಾತಿಗೆ ನಿಂತಳು. ಬರೆದದ್ದನ್ನು ಓದಲು ಹೋಗಿ ಎರಡು ಸಾಲಿಗೇ ಮಡಿಚಿಟ್ಟಳು. ಹಿಂದಿ, ಮರಾಠಿ, ಕನ್ನಡ, ಬಾಯಿಗೆ ಬಂದದ್ದರಲ್ಲಿ ಹೇಳತೊಡಗಿದಳು. ಪಕ್ಕದಲ್ಲಿ ಕೂತ ಸೋಮವ್ವ, "ಹಂಗಲ್ರಿ, ಹಿಂಗ ಅನಬೇಕು," ಎಂದು ನರ್ಸುಗಳ ನಾಲಿಗೆ ತಿದ್ದುತ್ತಿದ್ದಳು. ನಗು ಏಳುತ್ತಿತ್ತು. ಡಾಕ್ಟರ್ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಡಾಂಬರು ಮೆತ್ತಿದ ಪಾದ, ತುಂಬಿದ ಹೊಟ್ಟೆ, ಸೊಂಟದ ಮೇಲೆ ಒಂದು ಕೈ. ಏನೋ ಹೇಳಲು ಬಾಯಿ ತೆರೆದವಳು ಇಷ್ಟು ಜನರನ್ನು ನೋಡಿ ಸೆರಗು ಕಚ್ಚಿಕೊಂಡಳು.

ಎಲ್ಲರಿಗಿಂತ ಕಿರಿಯ ನರ್ಸು ಚಹಾದ ಲೋಟ ಕೆಳಗಿಟ್ಟು ಎದ್ದಳು. ತನ್ನ ಸ್ಟೂಲಿನ ಮೇಲೆ ಅವಳನ್ನು ಕೂರಿಸಿ, ತಾನು ನೆಲಕ್ಕೆ ಮೊಣಕಾಲೂರಿ, ಅವಳ ಬಾಯಿಯ ಹತ್ತಿರಕ್ಕೆ ಕಿವಿ ತಂದಳು. ಸೇವಂತಿ ಮಾತು ನಿಲ್ಲಿಸಿದಳು.